ಚಂದ್ರನ ಪಕ್ಕದ ಫ್ಲೆಕ್ಸು

ಆಕಾಶ ಯಾರ ಸ್ವತ್ತು ಎಂಬ ಪ್ರಶ್ನೆ ದೊಡ್ಡದು. ದೇಶದೇಶಗಳ ಪಂಡಿತರು ಅದನ್ನು ಬಗೆಹರಿಸಲಾಗದೆ ಒದ್ದಾಡುತ್ತಿರುವಾಗ, ಚಾಮರಾಜಪುರಂನ ಒಂದು ಅಡ್ಡರಸ್ತೆಯಲ್ಲಿ ಅದು ಒಂದೇ ದಿನದಲ್ಲಿ ಇತ್ಯರ್ಥವಾಯಿತು. ಪಣಕ್ಕಿದ್ದದ್ದು ಕೃಷ್ಣಪ್ಪನವರ ಪಾಲಿನ ಕಾಯಿಕಡುಬು.

ಕೃಷ್ಣಪ್ಪ ಹೆಬ್ಬಾಳದ ಸಣ್ಣ ವರ್ಕ್‌ಶಾಪೊಂದರಲ್ಲಿ ಸೂಪರ್‌ವೈಸರ್. ಅಂದು ಬೆಳಿಗ್ಗೆ ಗೇಟಿನ ಬಳಿ ಸೊಪ್ಪು ಕೊಳ್ಳುತ್ತಾ, ತಡೆಯಲಾರದೆ ಬಾಯಿಬಿಟ್ಟರು: "ನಾವು ಮಾಡ್ತಿರೋ ಕ್ಲ್ಯಾಂಪು ಎಲ್ಲಿಗೋಗುತ್ತೆ ಗೊತ್ತಾ? ಮೇಲಕ್ಕೆ! ಯಾವುದೋ ಕಂಪನಿಯೋರು ಉಪಗ್ರಹ ಬಿಡ್ತಾರಂತೆ. ರಾತ್ರಿ ಹೊತ್ತು ಆಕಾಶದಲ್ಲೇ ಜಾಹೀರಾತು ಹೊಳೆಯುತ್ತೆ."

ಸೊಪ್ಪಿನವಳು "ಕೊತ್ತಂಬರಿ ಬೇಕಾ?" ಎಂದಳು. ಆದರೆ ಪಕ್ಕದ ಕಾಂಪೌಂಡಿನ ಆಚೆಯಿಂದ ನಿವೃತ್ತ ಉಪನ್ಯಾಸಕ ವೃಷಭೇಂದ್ರಪ್ಪನವರ ತಲೆ ಕುಕ್ಕರಿನ ವಿಶಲ್ಲಿನಂತೆ ಮೇಲೆದ್ದಿತು.

"ಏನ್ರೀ ಕೃಷ್ಣಪ್ಪ, ಆಕಾಶ ಏನು ಗೋಡೆಯೇನ್ರೀ ಪೋಸ್ಟರ್ ಅಂಟಿಸೋಕೆ? ಇವತ್ತು ಜಾಹೀರಾತು, ನಾಳೆ ಚಂದ್ರನ ಮೇಲೆ ಸೈಟು, ನಾಡಿದ್ದು ಅಲ್ಲೇ ಕಲ್ಲುಗಣಿ! ದುಡ್ಡಿದ್ದೋರು ಆಕಾಶಾನೂ ಗುತ್ತಿಗೆ ಹಿಡಿದ್ರೆ, ಇಲ್ಲದೋರು ತಲೆಯೆತ್ತಿ ಏನು ನೋಡ್ಬೇಕು?"

ಕೃಷ್ಣಪ್ಪ ಕೊತ್ತಂಬರಿ ಕೊಂಡು ಒಳಗೆ ಬಂದರು. ಅಂದು ಸಂಕಷ್ಟಿ. ಚಂದ್ರನನ್ನು ಕಂಡು ಅರ್ಘ್ಯ ಬಿಡುವ ತನಕ ಆ ಮನೆಯಲ್ಲಿ ಊಟವಿಲ್ಲ. ಬಿಟ್ಟ ಮೇಲೆ ಕಡುಬು. ವ್ರತದ ಪುಣ್ಯ ಹೆಂಡತಿ ವಸಂತಮ್ಮನದು, ಹಸಿವು ಮಾತ್ರ ಇಬ್ಬರದೂ.

ವಸಂತಮ್ಮನ ಕಿವಿಗೆ ಸುದ್ದಿ ಆಗಲೇ ಬಿದ್ದಿತ್ತು. "ಅಲ್ಲಾ ಕಣ್ರೀ, ನಾನು ಅರ್ಘ್ಯ ಕೊಡೋದು ಚಂದ್ರನಿಗೋ ಬನಿಯನ್ ಜಾಹೀರಾತಿಗೋ? ಆ ಕೆಲಸ ಬುಟ್ಟು ಬರೋ ತನಕ, ಚಂದ್ರ ಅಂಗಳಕ್ಕೇ ಇಳಿದ್ರೂ ನಿಮಗೆ ಕಡುಬಿಲ್ಲ."

ಬಸ್ಸು ಹೆಬ್ಬಾಳ ತಲುಪುವಷ್ಟರಲ್ಲಿ ಬೀದಿಯ ವಾಟ್ಸ್ಯಾಪ್ ಗುಂಪಿನಲ್ಲಿ ಅವರಿಗೆ 'ಆಕಾಶ ಮಾರಿದ ಕೃಷ್ಣಪ್ಪ' ಎಂದು ನಾಮಕರಣವಾಗಿತ್ತು. ವೃಷಭೇಂದ್ರಪ್ಪನವರ ಹೆಂಡತಿ ಸಿದ್ದಲಿಂಗಮ್ಮ ಅಳುವ ಮುಖದ ಚಿತ್ರಗಳನ್ನು ಜೋಳ ಚೆಲ್ಲಿದಂತೆ ಚೆಲ್ಲಿದ್ದರು. ಮಧ್ಯಾಹ್ನದ ಹೊತ್ತಿಗೆ ಹಸಿವೂ ನಾಚಿಕೆಯೂ ಸೇರಿ ಕೃಷ್ಣಪ್ಪನವರನ್ನು ಮಾಲೀಕ ರವಿಚಂದ್ರನ ಮುಂದೆ ನಿಲ್ಲಿಸಿದವು.

"ಸಾರ್, ಆ ಉಪಗ್ರಹದ ಕೆಲಸ ನಂಗೆ ಬೇಡ. ಆತ್ಮಸಾಕ್ಷಿ ಒಪ್ತಿಲ್ಲ."

"ಯಾರದ್ದು?"

"ನಂದೇ ಸಾರ್. ಬೆಳಿಗ್ಗೆಯಿಂದ."

ರವಿಚಂದ್ರ ಕೃಷ್ಣಪ್ಪನವರನ್ನು ಮೇಲಿಂದ ಕೆಳಗೆ ನೋಡಿದ. "ಸರಿ ಬುಡಿ. ಚರಂಡಿ ಮುಚ್ಚಳದ ಆರ್ಡರ್ ಇದೆ, ನಾಳೆಯಿಂದ ಅದನ್ನ ನೋಡ್ಕೊಳ್ಳಿ. ಅದಕ್ಕೆ ಯಾರ ತಕರಾರೂ ಬರಲ್ಲ."

ರಾತ್ರಿ ಒಂಬತ್ತರ ಹೊತ್ತಿಗೆ ಕೃಷ್ಣಪ್ಪ ಬಸ್ಸಿಳಿದಾಗ ಹೆಜ್ಜೆ ಹಗುರವಾಗಿತ್ತು. ತಿರುವಿನಲ್ಲಿ ವೃಷಭೇಂದ್ರಪ್ಪ ಕಾಯುತ್ತಿದ್ದರು. ಅತ್ತ ಇತ್ತ ನೋಡಿ, ದನಿ ತಗ್ಗಿಸಿದರು.

"ನೋಡಿ, ತತ್ವ ಬೇರೆ, ವಿಶ್ವಾಸ ಬೇರೆ. ಮೊಮ್ಮಗ ವಸಿಷ್ಠನ ಮೊದಲನೇ ಹುಟ್ಟುಹಬ್ಬ ಬರ್ತಾ ಇದೆ. ಸರ್ಕಲ್‌ನಲ್ಲಿ ಫ್ಲೆಕ್ಸ್ ಕಟ್ಟಿದ್ರೆ ಬಿಚ್ಚಿ ಹಾಕ್ತಾರೆ. ಮೇಲೆ ಹಾಕಿದ್ರೆ ಯಾವನು ಏಣಿ ಇಡ್ತಾನೆ? ಮಗು ಫೋಟೋ ದೊಡ್ಡದಾಗಿ, ಕೆಳಗೆ 'ಶುಭ ಕೋರುವವರು' ಅಂತ ನಮ್ಮದೆಲ್ಲ ಸಾಲಾಗಿ, ಚಿಕ್ಕದಾಗಿ. ಒಂದು ಮಾತು ಹೇಳಿ ನೋಡ್ರೀ."

"ಸಾರ್, ನೀವು ಹೇಳಿದ್ರಿ ಅಂತ ಆ ಕೆಲಸ ಬುಟ್ಬುಟ್ಟೆನಲ್ಲ!"

"ಬಿಟ್ಬಿಟ್ರಾ? ಯಾರನ್ನ ಕೇಳಿ ಬಿಟ್ರಿ? ತತ್ವ ಹೇಳಿದ ತಕ್ಷಣ ಪಾಲಿಸ್ಬುಡೋದೇನ್ರೀ?"

ಹೋಗಲಿ, ಕಡುಬಾದರೂ ಉಂಟಲ್ಲ ಎಂದು ಕೃಷ್ಣಪ್ಪ ಸೀದಾ ಮನೆಯ ಟೆರೇಸು ಹತ್ತಿದರು. ವಸಂತಮ್ಮ ತಂಬಿಗೆ ಹಿಡಿದು ಮೋಡ ಸರಿಯುವುದನ್ನೇ ಕಾಯುತ್ತಿದ್ದರು.

"ಬುಟ್ಟು ಬಂದೆ ಕಣೇ! ಚರಂಡಿ ಮುಚ್ಚಳಕ್ಕೆ ಹಾಕ್ಸ್ಕೊಂಡೆ."

ತಂಬಿಗೆಯ ನೀರು ತುಳುಕಿತು. "ಅಯ್ಯೋ ನಿಮ್ಮ! ಭಜನಾ ಮಂಡಳಿ ವಾರ್ಷಿಕೋತ್ಸವಕ್ಕೆ ಚಂದ್ರನ ಪಕ್ಕದಲ್ಲೇ ನಮ್ಮೆಲ್ಲರ ಫೋಟೋ ಬರ್ಲಿ ಅಂತ ಮಧ್ಯಾಹ್ನ ತೀರ್ಮಾನ ಆಯ್ತು. ಸಿದ್ದಲಿಂಗಮ್ಮನೋರೂ ಒಪ್ಪಿದ್ರು. ನಮ್ಮೆಜಮಾನ್ರೇ ಮಾಡಿಸಿಕೊಡ್ತಾರೆ ಅಂತ ಮಾತು ಕೊಟ್ಟು, ನಿಮ್ಮ ಓನರ್ ಮನೆಗೆ ಆಟೋದಲ್ಲಿ ಡಬ್ಬಿ ಬೇರೆ ಕಳಿಸ್ಬುಟ್ಟೆ."

"ಡಬ್ಬೀಲಿ ಏನಿತ್ತು?"

"ಕಡುಬು."

"ಎಲ್ಲಾನೂವೇ?"

"ನನ್ನ ಪಾಲು ಇಟ್ಕೊಂಡಿದೀನಿ. ವ್ರತ ಮಾಡಿದೋಳು ನಾನಲ್ವಾ?"

ಮೋಡ ಸರಿದು ಚಂದ್ರ ಬಂದ. ಅವನ ಅಕ್ಕಪಕ್ಕ ಇನ್ನೂ ಖಾಲಿಯಿತ್ತು. ಕೃಷ್ಣಪ್ಪ ಮಜ್ಜಿಗೆ ಕುಡಿದು ಮಲಗಿದರು. ಮಾರನೆಯ ದಿನದಿಂದ ಚರಂಡಿ ಮುಚ್ಚಳ ನೋಡಿಕೊಳ್ಳುತ್ತಿದ್ದಾರೆ.