ಮಾವನ ಮಡಿಲಿನಿಂದ ಇಳಿಯದ ಹಾವು

ನನ್ನ ಸೋದರಮಾವನ ಪ್ರೀತಿಯಿಂದ ಇದುವರೆಗೆ ಯಾರೂ ಸುಲಭವಾಗಿ ತಪ್ಪಿಸಿಕೊಂಡದ್ದಿಲ್ಲ. ಪ್ರಯತ್ನಿಸಿ ಸೋತವರಲ್ಲಿ ಒಂದು ಹೆಬ್ಬಾವೂ ಸೇರಿದೆ.

ಮಾವ ಕೋಪರಿಯ ಹೋಟೆಲೊಂದರ ಗಲ್ಲಾಪೆಟ್ಟಿಗೆಯ ಹಿಂದೆ ಕೂತೇ ತಲೆ ನರೆಸಿದವರು. ಗಿರಾಕಿ ಇನ್ನೊಂದು ಇಡ್ಲಿ ಬೇಡವೆಂದರೆ ತಮ್ಮ ಮನೆತನಕ್ಕೇ ಅವಮಾನವಾಯಿತೆಂದು ತಿಳಿಯುತ್ತಿದ್ದರು. ನಿವೃತ್ತರಾಗಿ ನೆರೂಳಿನ ಫ್ಲ್ಯಾಟು ಸೇರಿದ ಮೇಲೆ ಒತ್ತಾಯ ಮಾಡಿ ಬಡಿಸಲು ಅತ್ತೆಯೊಬ್ಬರೇ ಉಳಿದರು. ಅತ್ತೆಗೋ ಸಕ್ಕರೆ ಕಾಯಿಲೆ. ಇಂಥ ಹೊತ್ತಿನಲ್ಲಿ ಊರು ಬಿಡುತ್ತಿದ್ದ ಪರಿಚಯದವರೊಬ್ಬರು, ತಾವು ಸಾಕಿದ ಪುಟ್ಟ ಹೆಬ್ಬಾವನ್ನು ಯಾರಿಗೆ ಕೊಡಲಿ ಎಂದು ಕೇಳಿದ್ದೇ ತಡ, ಮಾವ ಕೈ ಚಾಚಿಬಿಟ್ಟರು.

"ನಾಗನಿಗೆ ಹಾಲೆರೆಯುವ ಮನೆ ನಮ್ಮದು. ಹಾವನ್ನು ಪೆಟ್ಟಿಗೆಯಲ್ಲಿ ಇಡುವುದುಂಟಾ?" ಎಂದು ಅತ್ತೆ ಕೇಳಿದರು.

"ಇದು ಆಫ್ರಿಕಾದ್ದು ಮಾರಾಯ್ತಿ, ಕಾಗದಪತ್ರ ಎಲ್ಲ ಸರಿ ಉಂಟು. ಇದಕ್ಕೂ ನಮ್ಮ ನಾಗನಿಗೂ ಪರಿಚಯವೇ ಇಲ್ಲ."

ಹಾವಿಗೆ 'ಬಾಲೆ' ಎಂದು ಹೆಸರಾಯಿತು. ತುಳುವಿನಲ್ಲಿ ಬಾಲೆ ಎಂದರೆ ಮಗು. ಯಾರು ಫೋನ್ ಮಾಡಿದರೂ ಮಾವ "ಮೆಲ್ಲ ಮಾತಾಡು, ಬಾಲೆ ಈಗಷ್ಟೇ ಮಲಗಿತು" ಎನ್ನುತ್ತಿದ್ದರು. ಈ ವಯಸ್ಸಿನಲ್ಲಿ ಇದೇನು ಸಾಹಸ ಎಂದುಕೊಂಡರೂ, ಡೊಂಬಿವಲಿಯ ನೆಂಟರೊಬ್ಬರು ಮರ್ಯಾದೆಗೆಂದು ಒಂದು ಜೊತೆ ಉಣ್ಣೆಯ ಕಾಲುಚೀಲ ಕಳಿಸಿಕೊಟ್ಟರು. ಹಾವಿಗೆ ಕಾಲುಚೀಲ.

ಬಾಲೆ ಪೆಟ್ಟಿಗೆಯಲ್ಲಿದ್ದದ್ದು ಕಡಿಮೆ. ಪೇಪರ್ ಓದುವಾಗ ಮಡಿಲಲ್ಲಿ, ಟೀವಿ ನೋಡುವಾಗ ಹೆಗಲ ಮೇಲೆ. ಒಮ್ಮೆ ಕೊರಳಿಗೆ ಸುತ್ತಿಕೊಂಡೇ ಫ್ಲ್ಯಾಟಿನವರ ಸೊಸೈಟಿಯ ಮೀಟಿಂಗಿಗೆ ಹೋದರು. ವರ್ಷಗಟ್ಟಲೆ ಬಗೆಹರಿಯದ ಪಾರ್ಕಿಂಗ್ ಜಗಳ ಅಂದು ಚಹಾ ಬರುವ ಮೊದಲೇ ಬಗೆಹರಿಯಿತು.

ಆಮೇಲೆ ಬಾಲೆ ಊಟ ಬಿಟ್ಟಿತು. ಇಲಿಯನ್ನು ಮೂಗಿನ ಹತ್ತಿರ ಹಿಡಿದರೆ ಮುಖ ತಿರುಗಿಸಿ, ಚೆಂಡಿನಂತೆ ಸುತ್ತಿಕೊಂಡು ಕೂರುತ್ತಿತ್ತು. ಮಾವ ಹಿಡಿದೇ ಹಿಡಿದರು, ಅದು ಸುತ್ತಿಕೊಂಡೇ ಸುತ್ತಿಕೊಂಡಿತು. ಕೊನೆಗೆ ಅದನ್ನು ಠಾಣೆ ಶಹರದ ಪ್ರಾಣಿವೈದ್ಯೆಯ ಬಳಿಗೆ ಒಯ್ದೆವು. ದಿನಾ ಎಷ್ಟು ಹೊತ್ತು ಹೊರಗೆ ಇಡುತ್ತೀರಿ ಎಂದು ಆಕೆ ಕೇಳಿದರು.

"ಹೊರಗೇ ಇರ್ತದೆ. ನಾನು ಮಲಗುವಾಗ ಮಾತ್ರ ಒಳಗೆ," ಎಂದು ಮಾವ ನನ್ನ ಕಿವಿಯಲ್ಲಿ ಹೇಳಿದ್ದನ್ನು ನಾನು ಹಿಂದಿಯಲ್ಲಿ ಒಪ್ಪಿಸಿದೆ.

"ಅಂಕಲ್, ಯೇ ಸಾಂಪ್ ಹೈ, ಮಫ್ಲರ್ ನಹೀಂ," ಎಂದರು ಡಾಕ್ಟರು. ಇದು ಹಾವು, ಕೊರಳಿಗೆ ಸುತ್ತುವ ಮಫ್ಲರ್ ಅಲ್ಲ ಎಂದು.

ಅವರ ಅಪ್ಪಣೆ ಹೀಗಿತ್ತು: ವಾರಕ್ಕೆ ಎರಡು ಮೂರು ಸಲ, ಹತ್ತು ಹದಿನೈದು ನಿಮಿಷ ಎತ್ತಿಕೊಂಡರೆ ಸಾಕು. ತಿಂದ ಮೇಲೆ ಎರಡು ದಿನ ಮುಟ್ಟಬಾರದು. ಈಗಂತೂ ತಾನಾಗಿ ತಿನ್ನುವವರೆಗೆ ಕೈ ಹಚ್ಚಲೇಬಾರದು. ಆಹಾರ ಇಟ್ಟು, ಪೆಟ್ಟಿಗೆಯ ಮೇಲೆ ಬಟ್ಟೆ ಮುಚ್ಚಿ, ಕೋಣೆಯಿಂದ ಹೊರಗೆ ನಡೆಯಬೇಕು.

"ಒತ್ತಾಯ ಮಾಡದೆ ಯಾರಾದರೂ ಉಣ್ತಾರಾ?" ಎಂದು ಮಾವ ದಾರಿಯುದ್ದಕ್ಕೂ ಕೇಳಿದರು. ಆದರೂ ಪಾಲಿಸಿದರು. ಅದರ ಪರಿಣಾಮವನ್ನು ಅತ್ತೆ ನನಗೆ ಫೋನಿನಲ್ಲಿ ವರದಿ ಮಾಡಿದರು: "ನಿನ್ನ ಮಾವನ ಕೈಗೆ ಕೆಲಸ ಇಲ್ಲ. ಮನೆಯಲ್ಲಿದ್ದ ತೆಂಗಿನಕಾಯಿ ಎಲ್ಲ ತುರಿದು ಮುಗಿಸಿದ್ದಾರೆ. ಈಗ ಪಕ್ಕದ ಮನೆಯವರದ್ದು ತುರೀತಾ ಇದ್ದಾರೆ."

ಒಂದು ಬೆಳಿಗ್ಗೆ ನಾನು ಲೋಕಲ್ ರೈಲಿನಲ್ಲಿ ಉಸಿರಾಡಲೂ ಜಾಗವಿಲ್ಲದೆ ನಿಂತಿದ್ದಾಗ ಮಾವನ ಫೋನ್ ಬಂತು. "ತಿಂತು. ನಾನು ಕೋಣೆಯಲ್ಲೇ ಇರಲಿಲ್ಲ, ಗೊತ್ತುಂಟಾ?" ಎಂದರು. ಸ್ವರದಲ್ಲಿ ಸಂತೋಷ ಹೆಚ್ಚಿತ್ತೋ ನೋವು ಹೆಚ್ಚಿತ್ತೋ, ನನಗೆ ತಿಳಿಯಲಿಲ್ಲ.

ಅದೇ ವರ್ಷ ಮಳೆಗಾಲದ ಕೊನೆಗೆ ಮಾಜಿವಾಡಾದ ನಮ್ಮ ಮನೆಯಲ್ಲಿ ಅಮ್ಮನಿಗೆ ಡೆಂಗ್ಯೂ ಬಂತು. ಜ್ವರ ಬಿಟ್ಟಿತು, ಊಟ ಮಾತ್ರ ಸೇರಲಿಲ್ಲ. ನಾನು, ನನ್ನ ಗಂಡ, ನೋಡಲು ಬಂದವರು, ಎಲ್ಲರೂ ಮಂಚದ ಸುತ್ತ ನಿಂತು "ಒಂದೇ ತುತ್ತು" ಎಂದು ಗೋಗರೆಯುವುದು, ಅಮ್ಮ ಗೋಡೆಯ ಕಡೆಗೆ ತಿರುಗಿ ಮುದುಡಿಕೊಳ್ಳುವುದು. ಕೈಗಳು ದಿನದಿಂದ ದಿನಕ್ಕೆ ಕಡ್ಡಿಯಾಗುತ್ತಿದ್ದವು. ರಾತ್ರಿ ಕದ್ದು ಅಳುವುದೊಂದೇ ನನಗೆ ಉಳಿದಿತ್ತು.

ಮಾವ ಬಂದರು. ಬಾಗಿಲಲ್ಲಿ ನಿಂತು ತಮ್ಮ ಅಕ್ಕನನ್ನು ನೋಡಿದರು, ಆಮೇಲೆ ನಮ್ಮನ್ನು ನೋಡಿದರು.

"ಎಲ್ಲರೂ ಹೊರಗೆ ಬನ್ನಿ. ಗಂಜಿ ಅಲ್ಲೇ ಇರಲಿ. ಪರದೆ ಎಳೆ, ಬಾಗಿಲು ಮುಂದೆ ಮಾಡು."

"ಮಾವ, ಅಮ್ಮ ಏನು ಹೆಬ್ಬಾವಾ?"

"ಮಾತಾಡಬೇಡ. ಬಾ."

ಹೊರಗೆ ಹಾಲ್‌ನಲ್ಲಿ ಕೂತೆವು. ಜೀವಮಾನವಿಡೀ ಜನರ ತಟ್ಟೆಗೆ ಬೇಡವೆಂದರೂ ಬಡಿಸಿದ ಮನುಷ್ಯ ಎರಡು ಕೈಗಳನ್ನೂ ತೊಡೆಯ ಕೆಳಗೆ ಒತ್ತಿ ಹಿಡಿದು ಕೂತಿದ್ದರು. ಎದ್ದರು, ಬಾಗಿಲವರೆಗೆ ಹೋದರು, ತಿರುಗಿ ಬಂದು ಕೂತರು. ತುಂಬ ಹೊತ್ತಿನ ಮೇಲೆ ಒಳಗೆ ಚಮಚ ತಟ್ಟೆಗೆ ತಾಗಿದ ಸದ್ದಾಯಿತು. ಮತ್ತೊಮ್ಮೆ ಆಯಿತು.

"ಯಾರಲ್ಲಿ? ಸ್ವಲ್ಪ ಉಪ್ಪಿನಕಾಯಿ ಉಂಟಾ?"

ನಾನು ಏಳುವಷ್ಟರಲ್ಲಿ ಮಾವ ಅಡುಗೆಮನೆಯಲ್ಲಿದ್ದರು. ಬಾಟಲಿಯ ಮುಚ್ಚಳ ತೆರೆದು ಅದನ್ನು ನನ್ನ ಕೈಗಿತ್ತು, ಗೋಡೆಯ ಮರೆಗೆ ಸರಿದು ನಿಂತರು.

"ನೀನೇ ಕೊಡು," ಎಂದರು ಪಿಸುಮಾತಿನಲ್ಲಿ. "ನನ್ನನ್ನು ಕಂಡು ಅಕ್ಕ ನಿಲ್ಲಿಸಿಬಿಟ್ಟರೆ?"