ಸಾಗುವಾನಿ ಮಂಚದ ಜೋಕಾಲಿ

ಅಮ್ಮನ ಮಂಚ ಸಾಗುವಾನಿಯದಲ್ಲ. ಇದನ್ನು ಮಗಳು ತನ್ನ ದಿನಚರಿಗೂ ಹೇಳಿರಲಿಲ್ಲ. ದಿನಚರಿಗೆ ಬೀಗವಿಲ್ಲ, ಅತ್ತಿಗೆಗೆ ಕಣ್ಣಿದೆ. ಮಂಚದ ಕಾಲಿನಲ್ಲಿ ಚಕ್ಕೆ ಎದ್ದು ಒಳಗಿನ ಬಿಳಿ ಮರ ಹಲ್ಲು ಕಿರಿದಾಗ ಅಮ್ಮ ಅಲ್ಲಿಗೆ ಕಂದು ಬೂಟ್ ಪಾಲಿಶ್ ತಿಕ್ಕುತ್ತ, "ನಿಮ್ಮಪ್ಪಂಗೆ ಹೇಳ್ಬೇಡ ಕಣೇ. ಸಾಗುವಾನಿ ಅಂತ ಊರೆಲ್ಲ ಹೇಳ್ಕೊಂಡಿದ್ದಾರೆ, ನೊಂದ್ಕೋತಾರೆ" ಎಂದಿದ್ದಳು. ಅಮ್ಮ ಹೋಗಿ ವರ್ಷವಾಯಿತು. ಈಗ ಆ ಮಂಚದ ಮೇಲೆ ಮಲಗುವವಳು ಮಗಳು. ತಲೆಹಲಗೆಯಲ್ಲಿ ಇನ್ನೂ ಅಮ್ಮನ ತಲೆಯೆಣ್ಣೆಯ ವಾಸನೆ ಉಳಿದಿತ್ತು, ಗುಟ್ಟೂ ಉಳಿದಿತ್ತು.

ಆ ಬೆಳಿಗ್ಗೆ ಅಂಗಳದಲ್ಲಿ ಪಂಚಾಯಿತಿ ಸೇರಿತ್ತು. ಅಣ್ಣನ ಪುಟ್ಟ ಮಗಳಿಗೆ ಜೋಕಾಲಿ, ಜಾರುಬಂಡೆ, ಹತ್ತುವ ಏಣಿ ಎಲ್ಲ ಕೂಡಿದ ಒಂದು ಚೌಕಟ್ಟು ಆಗಬೇಕು. ಬಿಸಿಲು ಮಳೆಗೆ ತಡೆಯುವ ಮರ ಯಾವುದು? ಅಪ್ಪ ಕೇಳಿದ್ದು ಬಡಗಿಯನ್ನು. ಉತ್ತರಿಸಿದ್ದು ಎದುರುಮನೆಯ ನಿವೃತ್ತ ಮೇಷ್ಟ್ರು.

"ಮಾವು ಬೇಡ, ಗೆದ್ದಲಿಗೆ ಔತಣ. ನೀಲಗಿರಿ ನಮ್ಮ ಬೀಗರ ಹಾಗೆ, ದಿನ ಕಳೆದಂತೆ ಸೊಟ್ಟಗಾಗುತ್ತೆ. ಮನೇಲೇ ಹಳೇ ಸಾಗುವಾನಿ ಮಂಚ ಇಟ್ಕೊಂಡು ಅಂಗಡಿ ಯಾಕ್ರೀ ಸುತ್ತುತೀರಾ?"

"ಅದು... ಅವಳ ಮಂಚ. ಬೇಡ ಬಿಡಿ ಮೇಷ್ಟ್ರೇ."

"ನೆನಪು ಹಾಸ್ಕೊಂಡು ಮಲಗೋದಕ್ಕಿಂತ ಮೊಮ್ಮಗಳು ತೂಗಿ ಆಡಲಿ. ಆ ತಾಯಿ ಮೇಲಿಂದ ನೋಡಿ ಸಂತೋಷಪಡಲ್ವೇ?"

ಇಂಥ ಮಾತಿಗೆ ಎದುರಾಡುವ ಗಂಡಸು ಇನ್ನೂ ಹುಟ್ಟಿಲ್ಲ.

"ಬೇವು... ಬೇವಿನ ಮರ ಒಳ್ಳೇದಂತೆ" ಎಂದಳು ಮಗಳು. ಓಣಿಯವರು ಅವಳಿಗೆ 'ಪಿಸುಮಾತು' ಎಂದು ಸುಮ್ಮನೆ ಹೆಸರಿಟ್ಟಿರಲಿಲ್ಲ. ಕಾಲ ಬಳಿಯಿದ್ದ ಬೆಕ್ಕು ಕೂಡ ಕಿವಿ ನಿಮಿರಿಸಲಿಲ್ಲ.

ನಿಜ ಹೇಳುವಂತಿಲ್ಲ, ಸುಳ್ಳಾದರೂ ಕೆಲಸಕ್ಕೆ ಬರಲಿ ಎಂದು ಪಕ್ಕದ ಮನೆಯ ಅತ್ತೆಯ ಬಳಿ ಓಡಿದಳು. "ಆ ಮಂಚದ ತುಂಬ ತಿಗಣೆ ಅತ್ತೆ. ಮಗು ಆಡೋದಕ್ಕೆ ಬೇಡ ಅಂತ ನೀವಾದ್ರೂ ಹೇಳಿ."

ಅತ್ತೆಯ ಕಿವಿಗೆ ಬಿದ್ದದ್ದು ಡಂಗುರದ ಮೇಲೆ ಬಿದ್ದ ಕೋಲು. "ಅಯ್ಯಯ್ಯೋ, ನಮ್ಮ ಗೋಡೆ ಹತ್ತೋ ಮುಂಚೆ ಹೊರಗೆ ಹಾಕ್ರೋ!" ಸಿಕ್ಕಸಿಕ್ಕವರು ಕೈಜೋಡಿಸಿದರು. ಮಂಚ ಅಂಗಳದ ಬಿಸಿಲಿಗೆ, ಎಂದರೆ ನೇರವಾಗಿ ಬಡಗಿಯ ಕೈಗೆ, ಬಂದು ಬಿತ್ತು.

ಕಡೆಗೆ ಅವಳು ಬಡಗಿಯ ಗರಗಸವನ್ನೇ ಒಯ್ದು ಬಚ್ಚಲಿನ ಹಂಡೆಯ ಹಿಂದೆ ಅಡಗಿಸಿದಳು.

"ಗರಗಸ ತಾನೇ? ನಮ್ಮಲ್ಲಿ ಹೊಸಾದಿದೆ!" ಮೇಷ್ಟ್ರು ಪಂಚೆ ಎತ್ತಿಕಟ್ಟಿ ಓಡಿ ತಂದರು. ಇಂಥ ಉಪಕಾರಿ ಎದುರುಮನೆಯಲ್ಲಿರುವಾಗ ವೈರಿಯೊಬ್ಬ ಬೇರೆ ಬೇಕೆ?

ಅವಳು ಬಾಯಿ ತೆರೆದಳು. ಅಪ್ಪನ ಮುಖ ನೋಡಿ ಮುಚ್ಚಿದಳು.

ಬಡಗಿಯ ಕೈ ಮುಂದೆ, ಕಣ್ಣು ಹಿಂದೆ. ಹೊಸ ಗರಗಸದ ಹುಮ್ಮಸ್ಸಿನಲ್ಲಿ ಕಾಲು, ಪಟ್ಟಿ, ತಲೆಹಲಗೆ ಎಲ್ಲವನ್ನೂ ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸಾಗಿ ಕೊಯ್ದು, ಆಮೇಲೆ ಒಂದು ತುಂಡನ್ನೆತ್ತಿ ನೋಡಿದ. ಒಳಗೆಲ್ಲ ಸಿಪ್ಪೆ ಹೆರೆದ ಮೂಲಂಗಿಯ ಬಿಳುಪು.

"ಇದು ಸಾಗುವಾನಿ ಅಲ್ಲ ಯಜಮಾನ್ರೇ, ಯಾವ್ದೋ ಕಾಡುಮರ. ಒಂದು ಮಳೆಗೆ ಹಿಟ್ಟಾಗುತ್ತೆ. ಮಗೂನ ಕೂರಿಸೋ ಹಾಗಿಲ್ಲ."

"ಯಾರೋ ನಿಮಗೆ ಟೋಪಿ ಹಾಕಿದ್ದಾರೆ" ಎಂದ ಮೇಷ್ಟ್ರು ಗರಗಸ ಒರೆಸಿಕೊಂಡು ಮನೆ ಸೇರಿದರು. ಅಂಗಳ ಖಾಲಿಯಾಯಿತು.

"ಅಜ್ಜಿ ಮಂಚಾನೂ ಇಲ್ಲ, ಜೋಕಾಲೀನೂ ಇಲ್ವಾ?" ಎಂದಿತು ಮಗು.

ಸಂಜೆ ಅಪ್ಪ ಮಗಳು ತುಂಡುಗಳನ್ನು ಆಯುತ್ತಿದ್ದರು. ಅಪ್ಪ ತಲೆಯೆತ್ತದೆ ಹೇಳಿದರು: "ನಂಗ್ಯಾರೂ ಟೋಪಿ ಹಾಕಿಲ್ಲ ಮಗಳೇ. ಮದುವೆಯಾದ ಹೊಸದರಲ್ಲಿ ನಿಮ್ಮಮ್ಮ ಸಾಗುವಾನಿ ಮಂಚ ಬೇಕು ಅಂತ ಆಸೆಪಟ್ಲು. ಕೈಲಾಗ್ಲಿಲ್ಲ. ಇದನ್ನ ತಂದು ಸಾಗುವಾನಿ ಅಂದೆ. ಚಕ್ಕೆ ಎದ್ದಾಗೆಲ್ಲ ಅವಳು ಸ್ನಾನಕ್ಕೆ ಹೋದ ಹೊತ್ತು ನೋಡಿ ಬೂಟ್ ಪಾಲಿಶ್ ಹಚ್ತಿದ್ದೆ. ಇವತ್ತು ನಾಲ್ಕು ಜನರ ಮುಂದೆ ಅವಳ ಮಂಚಾನ ಸುಳ್ಳು ಅನ್ನೋಕೆ ನಾಲಿಗೆ ಏಳ್ಲಿಲ್ಲ." ಕೈಯಲ್ಲಿದ್ದ ತುಂಡಿನ ಹೊಟ್ಟು ಒರೆಸುತ್ತ, "ಒಂದೇ ಸಮಾಧಾನ. ಕಡೇವರೆಗೂ ಅವಳಿಗೆ ಗೊತ್ತಾಗ್ಲಿಲ್ಲ" ಎಂದರು.

ಮಗಳ ಕೈಯಲ್ಲಿ ಅಮ್ಮ ಪಾಲಿಶ್ ತಿಕ್ಕಿದ್ದ ಆ ಕಾಲಿನ ತುಂಡಿತ್ತು. ಚಕ್ಕೆ ಎದ್ದ ಜಾಗದಲ್ಲಿ ಪಾಲಿಶ್ ಬೆರಳಿನ ಉಗುರಿನಷ್ಟು ದಪ್ಪಗೆ ಕೂತಿತ್ತು. ಒಬ್ಬರು ಹಚ್ಚಿದರೆ ಅಷ್ಟು ದಪ್ಪ ಆಗುವಂತಿರಲಿಲ್ಲ.

"ಅಮ್ಮಂಗೆ ಗೊತ್ತಿತ್ತಪ್ಪ" ಎಂದಳು ಅವಳು, ಎದುರುಮನೆಯ ಕಿಟಕಿ ತೆರೆಯುವಷ್ಟು ಗಟ್ಟಿಯಾಗಿ. "ಅವಳೂ ಇಲ್ಲೇ ಹಚ್ತಿದ್ಲು."