ಬೋರಣ್ಣ ಒಪ್ಪಿದ ಪಿಚ್ಚರು

ಯಾವುದಾದರೂ ವಸ್ತು ಚೆನ್ನಾಗಿದೆಯೋ ಇಲ್ಲವೋ ಎಂದು ಸ್ವಂತ ಕಣ್ಣಿನಿಂದ ನೋಡಿ ತೀರ್ಮಾನಿಸುವ ಧೈರ್ಯ ನನಗೆ ಹುಟ್ಟಿನಿಂದಲೇ ಇಲ್ಲ. ಸಂತೆಯಲ್ಲಿ ಬದನೆಕಾಯಿ ಕೊಳ್ಳುವಾಗಲೂ ಪಕ್ಕದವರು ಯಾವ ಗುಡ್ಡೆಗೆ ಕೈ ಹಾಕುತ್ತಾರೋ ನೋಡಿಕೊಂಡು ನಾನೂ ಅದಕ್ಕೇ ಕೈ ಹಾಕುತ್ತೇನೆ. ಹೆಣ್ಣು ನೋಡಲು ಪೂರಿಗಾಲಿಗೆ ಹೋದಾಗ ನಾನು ನೋಡಿದ್ದು ನಮ್ಮ ಸೋದರಮಾವನ ಮುಖವನ್ನು. ಅವರು ಇನ್ನೊಂದು ಕಜ್ಜಾಯ ಹಾಕಿಸಿಕೊಂಡರು, ನಾನು ಮದುವೆಗೆ ಒಪ್ಪಿದೆ. ಈ ಸಂಗತಿ ನನ್ನ ಹೆಂಡತಿ ಪುಟ್ಟತಾಯಿಗೆ ಗೊತ್ತಿದೆ. ಬಾಯಿ ತಡೆಯದೆ ಹೇಳಿದವನು ನಾನೇ, ಆಗಾಗ ಅನುಭವಿಸುವವನೂ ನಾನೇ.

ಇಂಥವನಿಗೆ ಟಾಕೀಸಿನ ವಿಷಯದಲ್ಲಿ ಒಬ್ಬ ಗುರು ಬೇಕಾಗಿದ್ದುದು ಸಹಜ. ಇದು ಯುದ್ಧದ ಕಾಲ, ನಾನು ಮಂಡ್ಯದಲ್ಲಿ ಮಿಡ್ಲ್ ಸ್ಕೂಲ್ ಮೇಷ್ಟ್ರು. ನಮ್ಮ ಬೀದಿಯ ಕೊನೆಯ ಬೀಳು ಹೊಲದಲ್ಲಿ ಟೂರಿಂಗ್ ಟಾಕೀಸಿನ ಡೇರೆ ಎದ್ದಿತ್ತು. ತಮಟೆ ಬಡಿದುಕೊಂಡು ಗಾಡಿಯಲ್ಲಿ ಬಂದು ಹಂಚುತ್ತಿದ್ದ ಕರಪತ್ರವನ್ನು ನಂಬುವಂತಿರಲಿಲ್ಲ. ಅದರ ಪ್ರಕಾರ ಪ್ರತಿ ಪಿಚ್ಚರೂ ಅದ್ಭುತ, ಪ್ರತಿ ದಿನವೂ ಕಡೆಯ ದಿನ. ಸಾಲದ್ದಕ್ಕೆ ಬರುತ್ತಿದ್ದ ಪಿಚ್ಚರುಗಳಲ್ಲಿ ಮುಕ್ಕಾಲು ಪಾಲು ನಮಗೆ ಬಾರದ ಭಾಷೆಯವು. ಆದ್ದರಿಂದ ಬೀದಿಯವರೆಲ್ಲ ಬೋರಣ್ಣನನ್ನು ಕೇಳಿಕೊಂಡೇ ಹೊರಡುತ್ತಿದ್ದರು. ಬೋರಣ್ಣ ಆತಗೂರಿನವನು. ಪ್ರಾಯದಲ್ಲಿ ದನದ ದಲ್ಲಾಳಿಯಾಗಿದ್ದು, ವಯಸ್ಸಾದ ಮೇಲೆ ನಮ್ಮ ಬೀದಿಯ ಮಗಳ ಮನೆ ಸೇರಿದ್ದ. ಡೇರೆ ನಿಂತಿದ್ದ ಹೊಲ ಅಳಿಯನದು, ಹೀಗಾಗಿ ಟಿಕೀಟಿನ ಹಂಗಿಲ್ಲದೆ ದಿನವೂ ಒಳಗೆ ಹೋಗುತ್ತಿದ್ದ. ಬೆಳಗಾದರೆ ಜಗಲಿಯ ಮೇಲೆ ಕೂತು ತೀರ್ಪು ಕೊಡುತ್ತಿದ್ದ.

"ಇದು ಬ್ಯಾಡಿ ಕಣ್ರವ್ವ, ದುಡ್ಡು ದಂಡ." "ಇದ್ಕೆ ಅತ್ತೆ ಸೊಸೆ ಒಟ್ಗೆ ಓಗ್‌ಬ್ಯಾಡಿ, ಬರೋವಾಗ ಬ್ಯಾರೆ ಬ್ಯಾರೆ ಬತ್ತೀರಿ."

ಅವನ ಮಾತು ತಪ್ಪಿದ್ದನ್ನು ನಾನು ಕಾಣೆ. ಆದರೆ ಕಥೆ ಏನೆಂದು ಕೇಳಿದರೆ ಮಾತ್ರ, "ಕತೆ ಕಟ್ಕಂಡು ನಮ್ಗೇನಾಗ್ಬೇಕು ಮೇಷ್ಟ್ರೇ?" ಎಂದು ಬೀಡಿ ಹಚ್ಚುತ್ತಿದ್ದ. ಕಥೆ ಬೇಡದ ಈ ಮನುಷ್ಯ ಅಲ್ಲಿ ನೋಡುವುದಾದರೂ ಏನನ್ನು ಎಂಬ ಕುತೂಹಲ ನನ್ನ ತಲೆಯನ್ನು ಗೆದ್ದಲಿನಂತೆ ತಿನ್ನತೊಡಗಿತು.

ಅಷ್ಟರಲ್ಲಿ ಪೂರಿಗಾಲಿಯಿಂದ ನಮ್ಮತ್ತೆ ಬಂದರು. ಪುಟ್ಟತಾಯಿಗೆ ಟಾಕಿ ನೋಡುವ ಆಸೆ ಬಹಳ ದಿನದ್ದು. ಆದರೆ ಡೇರೆಗೆ ಹೋಗುವುದು ಮಾನವಂತ ಹೆಂಗಸರ ಕೆಲಸವಲ್ಲ ಎಂದು ಅತ್ತೆ ಹಿಂದೆಯೇ ಅಪ್ಪಣೆ ಮಾಡಿದ್ದರು. ಪುಟ್ಟತಾಯಿ ನನ್ನನ್ನು ಹಿತ್ತಲಿಗೆ ಕರೆದು, "ನೋಡಿ, ಅವ್ವುನ್ನ ಒಂದ್ಸಲ ಕರ್ಕೊಂಡೋಗುವಾ. ಅವ್ವ ಒಪ್ಪುದ್ರೆ ನಂಗೂ ದಾರಿಯಾಯ್ತದೆ. ಒಪ್ದೆ ಓದ್ರೆ ನಾನು ಈ ಜಲ್ಮದಲ್ಲಿ ಡ್ಯಾರೆ ಒಳಿಕ್ಕೆ ಓಗಾಕಿಲ್ಲ. ಒಳ್ಳೇ ಪಿಚ್ಚರ್ ನೋಡಿ ಏಳಿ," ಎಂದಳು. ಅವಳ ಕಣ್ಣಲ್ಲಿದ್ದ ಆಸೆಯನ್ನು ಕಂಡು ನನಗೆ ನಿಜವಾಗಿಯೂ ಭಯವಾಯಿತು. ಬದನೆಕಾಯಿ ಕೆಟ್ಟರೆ ಎಸೆಯಬಹುದು, ಅತ್ತೆಯ ಮನಸ್ಸು ಕೆಟ್ಟರೆ ಎಲ್ಲಿಗೆ ಎಸೆಯುವುದು?

ಆ ದಿನ ಸಂಜೆಯೇ ಟಿಕೀಟು ಕೊಂಡು ನೆಲದ ಮೇಲೆ ಕೂತೆ, ಪಿಚ್ಚರನ್ನಲ್ಲ, ಬೋರಣ್ಣನನ್ನು ನೋಡಲು. ನೋಡಿದರೆ ಅವನು ಮುಂದಿನ ಗೂಟಕ್ಕೆ ಒರಗಿ, ಪರದೆಗೆ ಬೆನ್ನು ಹಾಕಿ, ಜನರ ಕಡೆ ಮುಖ ಮಾಡಿ ಕೂತಿದ್ದಾನೆ! ಪರದೆಯ ಮೇಲೆ ಯಾರೋ ರಾಜನಿಗೆ ಖಡ್ಗ ಬೀಸುತ್ತಿದ್ದರೂ ಈ ಆಸಾಮಿ ತಿರುಗಿಯೂ ನೋಡಲಿಲ್ಲ. ಆಟ ಮುಗಿದ ಮೇಲೆ ಹಿಡಿದು, ಅತ್ತೆಯ ವಿಷಯ ಹೇಳಿ, ಇದೇನೆಂದು ಕೇಳಿದೆ.

"ಅಲ್ಲ ಮೇಷ್ಟ್ರೇ, ದನದ ಯಾಪಾರ ನೀವು ಕಂಡಿಲ್ವಾ? ಟವಲ್ ಕೆಳಗೆ ಬೆರ್ಳು ಇಡ್ಕಂಡು ಬೆಲೆ ಕಟ್ಟೋವಾಗ ದಲ್ಲಾಳಿ ಎತ್ತಿನ್ ಕಡೆ ನೋಡ್ತಾನಾ? ಕೊಳ್ಳೋನ ಮೊಕ ನೋಡ್ಬೇಕು. ಎತ್ತು ಎಂಗಾರ ಇರ್ಲಿ, ಮೊಕ ಅಳ್ಳಾಡ್ತು ಅಂದ್ರೆ ಯಾಪಾರ ಕುದುರ್ತು ಅಂತ. ಇವತ್ತು ನೋಡಿ, ಕಂಕುಳಲ್ಲಿ ಮಕ್ಳು ಅಳ್ತಿದ್ರೂ ತಾಯ್ದೀರು ತಿರುಗಿ ನೋಡ್ನಿಲ್ಲ. ನಿಮ್ಮತ್ತೇನ ಇದ್ಕೇ ಕರ್ಕಬನ್ನಿ ಬುಡಿ."

ನನ್ನ ಜೀವಮಾನದ ಕಸುಬಿಗೆ ಹೀಗೊಂದು ಶಾಸ್ತ್ರವಿದೆ ಎಂದು ತಿಳಿದು ಹಿಗ್ಗಿದೆ. ಮರುದಿನ ಮನೆಯವರನ್ನು ಹೊರಡಿಸಿದೆ. ಅಳಿಯನೇ ಕರೆದ ಮೇಲೆ ಬೇಡವೆನ್ನಲಾಗದೆ ಅತ್ತೆ ಗೊಣಗುತ್ತಲೇ ಹೊರಟರು. ಡೇರೆಯೊಳಗೆ ಗಂಡಸರಿಗೂ ಹೆಂಗಸರಿಗೂ ನಡುವೆ ಒಂದು ಹಗ್ಗ. ನಾನು ಹಗ್ಗದ ಪಕ್ಕದಲ್ಲೇ ಜಾಗ ಹಿಡಿದು, ದೀಪ ಆರಿದ ಕ್ಷಣದಿಂದ ಪರದೆಯ ಬೆಳಕಿನಲ್ಲಿ ಅತ್ತೆಯ ಮುಖಕ್ಕೆ ಕಣ್ಣು ನೆಟ್ಟೆ. ಮೊದಮೊದಲು ಮುಖ ಗಂಟು ಹಾಕಿಕೊಂಡೇ ಇತ್ತು. ಆಮೇಲೆ ಬಿಚ್ಚಿದ ಎಲೆಅಡಿಕೆ ಚೀಲ ಮಡಿಲಲ್ಲೇ ಉಳಿಯಿತು. ಸುಣ್ಣ ಹಚ್ಚಿದ ಎಲೆ ಬಾಯಿಗೆ ಹೋಗುವುದನ್ನೇ ಮರೆಯಿತು. ಸೆರಗು ಕಣ್ಣಿಗೆ ಹೋಯಿತು. ಯಾಪಾರ ಕುದುರಿತು! ನಡುನಡುವೆ ಅತ್ತೆ ನನ್ನ ಕಡೆಯೂ ತಿರುಗಿ ನೋಡಿದರು. ಅಳಿಯನ ಮೇಲಿನ ಅಭಿಮಾನವೆಂದು ಬಗೆದು ನಾನೂ ಹಲ್ಲು ಬಿಟ್ಟೆ.

ಮನೆಗೆ ಬಂದ ಮೇಲೆ ಅಡುಗೆಮನೆಯಿಂದ ಮಾತು ಕೇಳಿಸಿತು. ಅತ್ತೆಯ ಪಿಸುಮಾತೂ ಬೀದಿಗೆ ಕೇಳಿಸುವಂಥದು.

"ಪಿಚ್ಚರು ಬಲೇ ಸಂದಾಗೈತೆ ಕಣವ್ವ, ವಾರವಾರಾನೂ ಓಗು, ನಾನೇ ಏಳ್ತಾ ಇವ್ನಿ. ಬೋರಣ್ಣನ ಮಗಳ್ನ ಜತೆ ಕರ್ಕೊ. ನಿನ್ ಗಂಡುನ್ನ ಮಾತ್ರ ಆ ಡ್ಯಾರೆಗೆ ಬುಡ್‌ಬ್ಯಾಡ. ಸುರುವಿಂದ ಕಡೆಗಂಟ ಎಂಗಸ್ರ ಕಡೇನೇ ತಿರುಕ್ಕಂಡು ಅಲ್ಲು ಕಿಸ್ಕಂಡು ಕುಂತಿದ್ರು!"

ನಾನು ಒಳಗೆ ನುಗ್ಗಿ, "ಅಯ್ಯೋ ಅತ್ತೆಮ್ಮ, ನಾನು ನೋಡ್ತಿದ್ದದ್ದು ನಿಮ್ಮನ್ನೇ. ದನದ ವ್ಯಾಪಾರದಲ್ಲಿ ಹೇಗೆ..." ಎಂದು ಶುರುಮಾಡಿದೆ. ಪುಟ್ಟತಾಯಿ ಹಣೆ ಚಚ್ಚಿಕೊಂಡಳು. ಅಲ್ಲಿಗೆ ನನ್ನ ವಾದ ಮುಗಿಯಿತು.

ಈಗ ವಾರಕ್ಕೊಂದು ಸಂಜೆ ಪುಟ್ಟತಾಯಿ ಹೂ ಮುಡಿದು ಡೇರೆಗೆ ಹೋಗುತ್ತಾಳೆ. ನಾನು ಮನೆಯಲ್ಲಿ ಬೆಕ್ಕಿನಿಂದ ಹಾಲು ಕಾಯುತ್ತೇನೆ. ಅವಳು ಬಂದಾಗ ಲಾಟೀನು ಎತ್ತಿ ಮುಖ ನೋಡುತ್ತೇನೆ. ಹೊಸಲು ದಾಟುವ ಮೊದಲೇ "ಉಂಡ್ರಾ?" ಎಂದರೆ ಪಿಚ್ಚರು ಸಾಧಾರಣ. ಮಾತಿಲ್ಲದೆ ಜಗಲಿಯಲ್ಲೇ ಕೂತುಬಿಟ್ಟರೆ ಉತ್ತಮ. ಮಾರನೆಯ ದಿನ ಸ್ಕೂಲಿನಲ್ಲಿ ಉಳಿದ ಮೇಷ್ಟ್ರುಗಳು ಯಾವುದಕ್ಕೆ ಹೋಗಬಹುದೆಂದು ನನ್ನನ್ನೇ ಕೇಳುತ್ತಾರೆ. ನಾನು ಹೇಳುತ್ತೇನೆ, ತಪ್ಪುವುದಿಲ್ಲ. ಕಥೆ ಏನು ಸ್ವಾಮಿ ಎಂದರೆ, ಕಥೆ ಕಟ್ಟಿಕೊಂಡು ನಮಗೇನಾಗಬೇಕು ಎಂದು ಗತ್ತಿನಿಂದ ಮುಖ ತಿರುಗಿಸುತ್ತೇನೆ. ಆದರೆ ನಮ್ಮತ್ತೆಯನ್ನು ಅಳಿಸಿದ ಆ ಪಿಚ್ಚರಿನಲ್ಲಿ ಅಂಥದ್ದೇನು ನಡೆಯಿತೆಂದು ನೋಡಿದವರು ಯಾರಾದರೂ ಹೇಳಿದರೆ, ನಾನು ಖಂಡಿತ ಕೂತು ಕೇಳುತ್ತೇನೆ.